ಮಾದರಿ ಚೀಲಕ್ಕೆ ಕಿವಿ ಇಡುತ್ತಿದ್ದವರು

ಇದು ಎಂದಿಗೂ ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ. ನಮ್ಮ ಮಂಗಳೂರಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕೇಳುವಂತೆ ಹೇಳಿದ. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ಮಂಗಳೂರು.

"ಹೆಸರುಕಾಳು ಹಸನ ಮಾಡೋ ಹೆಂಗಸರು ಸರಕಾರದ ಕರಾರು ಒಂದು ವರ್ಷ ನಡಸ್ತಾರಂತ! ಆರು ತಿಂಗಳಿಗೆ ಕಪ್ಪುಪಟ್ಟಿಗೆ ಹೋಗ್ತಾರ, ಬೇಕಾದ್ರ ಬರದಿಟ್ಕೊರ್ರಿ. ನಮ್ಮಕ್ಕನ ಮಗಳು ಬಿ.ಕಾಂ. ಪಾಸಾಗೂದು, ಈ ಸಂಘಕ್ಕ ಸರ್ಟಿಫಿಕೇಟ್ ಸಿಗೂದು, ಎರಡೂ ಒಂದ ದಿನ ಆಗ್ತಾವ ನೋಡ್ರಿ. ಆ ದಿನ ಬರೂದಿಲ್ಲ."

ಆ ಸಂಘದಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ನನ್ನವ್ವ ಅದರ ಹಿರಿಯಳು. ಹಳೆಯ ಎಣ್ಣೆ ಗಾಣದ ಶೆಡ್ಡಿನಲ್ಲಿ ಕೂತು ಹೆಸರುಕಾಳು ಹಸನು ಮಾಡಿ, ಪೊಟ್ಟಣ ಕಟ್ಟಿ, ಅಂಗನವಾಡಿಗಳಿಗೆ ಕೊಡುವ ಕರಾರು ಅವರಿಗೆ ಸಿಕ್ಕಿತ್ತು. ವರ್ಷಕ್ಕೆ ಆರು ಲಾಟು, ಅಂದರೆ ಆರು ಕಂತಿನ ಮಾಲು. ಆರೂ ಸರಿಯಾಗಿ ಮುಟ್ಟಿದರೆ ಕೊನೆಗೆ "ಪೂರೈಕೆ ತೃಪ್ತಿಕರ" ಎಂಬ ಒಂದು ಹಾಳೆ ಕೊಡುತ್ತಾರೆ. ಆ ಹಾಳೆ ಇದ್ದರೆ ಮುಂದಿನ ವರ್ಷವೂ ಕೆಲಸ. ಇಲ್ಲದಿದ್ದರೆ ಇಪ್ಪತ್ತೆರಡು ಮಂದಿಯೂ ಮತ್ತೆ ಯಾರದೋ ಹೊಲದಲ್ಲಿ ಕಸ ತೆಗೆಯಲು ಹೋಗಬೇಕು.

ಆ ಹಾಳೆಗೆ ಹಾದಿ ತೋರಿಸಿದವರ ಬಗ್ಗೆ ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರಿರುವ ಯಾವ ಕಾಗದವನ್ನೂ ಅವರು ಮೂರು ಸಲ ಓದದೆ ಹೊರಗೆ ಬಿಡುತ್ತಿರಲಿಲ್ಲ. ಇದನ್ನು ಓದಲು ಈಗ ಅವರಿಲ್ಲ. ಎಲ್ಲರಂತೆ ನಾನೂ ಸರ್ ಎನ್ನುತ್ತೇನೆ.

ಕೊಪ್ಪಳದ ಕೋಟೆ ಕೆಳಗಿನ ಓಣಿಯಲ್ಲಿ ಅವರ ಕಚೇರಿ. ಎರಡು ಕೋಣೆ. ಗಂಗಾವತಿಯ ಅಕ್ಕಿ ಗಿರಣಿಯವರು, ಕುಷ್ಟಗಿಯ ಬೇಳೆ ಗಿರಣಿಯವರು, ಹಾಸ್ಟೆಲ್ ಮಕ್ಕಳ ಬಟ್ಟೆ ಹೊಲಿಯುವವರು, ಹೀಗೆ ಸರಕಾರಕ್ಕೆ ಮಾಲು ಕೊಡುವ ಎಲ್ಲರೂ ಬರುತ್ತಿದ್ದರು. ಟೆಂಡರು ಹಿಡಿದು ಕೊಡುವುದು ಸರ್ ಕೆಲಸವಲ್ಲ. ಹಿಡಿದ ಮೇಲೆ ಕರಾರಿನ ಷರತ್ತು ತಪ್ಪದಂತೆ ನಡೆಸುವುದು ಅವರ ಕಸುಬು. "ಟೆಂಡರ್ ಸಿಕ್ಕ ದಿನ ಎಲ್ಲಾರೂ ಪೇಢೆ ಹಂಚ್ತಾರ. ಕರಾರಿನ ಕಡೀ ಪುಟ ಯಾರೂ ಓದೂದಿಲ್ಲ" ಎನ್ನುತ್ತಿದ್ದರು.

ಬಿ.ಕಾಂ. ಕೊನೆಯ ವರ್ಷದಲ್ಲಿ ಟೈಪು ಮಾಡಲು ಅವರಲ್ಲಿ ಸೇರಿದೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಆಡಿಟಿಂಗ್ ವಿಷಯದಲ್ಲಿ ಎರಡು ಸಲ ಫೇಲಾಗಿದ್ದೆ. ಅದನ್ನು ಮೊದಲ ದಿನವೇ ಹೇಳಿಬಿಟ್ಟೆ.

"ಛಲೋ ಆತು" ಎಂದರು. "ಫೇಲಾದವ್ರು ಎರಡು ಸಲ ಓದಿರ್ತಾರ."

ಉದ್ದನೆಯ, ಒಣಕಲು ಮೈ. ಏಪ್ರಿಲ್ ಬಿಸಿಲಿನಲ್ಲೂ ಬಿಳಿ ಅಂಗಿಯ ತೋಳಿನ ಗುಂಡಿ ಹಾಕಿಯೇ ಇರುತ್ತಿತ್ತು. ಮಾತಾಡುವವರ ಮುಖ ನೋಡುತ್ತಿರಲಿಲ್ಲ. ತಲೆ ತಿರುಗಿಸಿ ಬಲಗಿವಿಯನ್ನು ಅವರ ಕಡೆ ಮಾಡಿ, ಕಣ್ಣನ್ನು ನೆಲಕ್ಕಿಟ್ಟು ಕೇಳುತ್ತಿದ್ದರು. ಸುಳ್ಳು ಹೇಳಲು ಬಂದವರು ಆ ಕಿವಿಯ ಮುಂದೆ ತೊದಲಿದ್ದನ್ನು ನಾನೇ ಕಂಡಿದ್ದೇನೆ.

ಹಿಂದಿನ ಕೋಣೆ ಬೇರೆಯೇ ಲೋಕ. ಮಾಲು ಹೋಗುವ ಮುಂಚೆ ಪ್ರತಿ ಲಾಟಿನಿಂದ ಮೂರು ಮಾದರಿ ತೆಗೆಯುತ್ತಾರೆ. ಒಂದು ಸರಕಾರಿ ಕಚೇರಿಗೆ, ಒಂದು ಲ್ಯಾಬಿಗೆ, ಮೂರನೆಯದು ಮಾಲು ಕೊಟ್ಟವರಿಗೆ. ಬಿಳಿ ಬಟ್ಟೆಯ ಚಿಕ್ಕ ಚೀಲ, ಬಾಯಿಗೆ ದಾರ, ದಾರದ ಮೇಲೆ ಕೆಂಪು ಅರಗಿನ ಸೀಲು. ಮೂರನೆಯದನ್ನು ಬಹಳಷ್ಟು ಮಂದಿ ಎಲ್ಲೋ ಬಿಸಾಡುತ್ತಾರೆ. ಸರ್ ತಮ್ಮ ಎಲ್ಲ ಗಿರಾಕಿಗಳ ಮೂರನೆಯ ಚೀಲಗಳನ್ನೂ ತಾವೇ ಇಟ್ಟುಕೊಳ್ಳುತ್ತಿದ್ದರು. ಆ ಕೋಣೆಗೆ ಕಿಟಕಿ ಇಲ್ಲ. ಗೋಡೆ ತುಂಬ ಹಲಗೆ, ಹಲಗೆ ತುಂಬ ಕೂಸಿನ ತಲೆಯಷ್ಟು ದಪ್ಪದ ಬಿಳಿ ಚೀಲಗಳು.

ದಿನಾ ಮಧ್ಯಾಹ್ನ ಊಟವಾದ ಮೇಲೆ ಸರ್ ಚಪ್ಪಲಿ ಬಿಟ್ಟು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂಡುವರು. ಒಂದೊಂದೇ ಚೀಲ ತೆಗೆದು ಬಲಗಿವಿಗೆ ಹಿಡಿಯುವರು. ಸಪ್ಪಳವಿಲ್ಲದ ಚೀಲ ಹಿಂದಿನ ಸಾಲಿಗೆ. ಸಪ್ಪಳ ಬಂದರೆ ಮುಂದಿನ ಸಾಲಿಗೆ.

ಕಾಳಿನೊಳಗೆ ನುಸಿಯ ಮೊಟ್ಟೆ ಇರುತ್ತದೆ, ಬೆಚ್ಚಗಾದರೆ ಮರಿ ಒಡೆದು ಕಾಳನ್ನು ಒಳಗಿಂದ ಕೊರೆಯುತ್ತದೆ, ಆ ಸಪ್ಪಳ ಅದು. ನಾನು ಓದಿದವಳು, ನನಗದು ಗೊತ್ತು. ಆದರೂ ಸುಡು ಮಧ್ಯಾಹ್ನದಲ್ಲಿ, ಓಣಿ ಎಲ್ಲ ಮಲಗಿದಾಗ, ಅವರು ಒಳಗೆ ಮೆಲ್ಲಗೆ "ಹೂಂ... ಹೂಂ..." ಎನ್ನುವುದು ಕೇಳಿಸಿದರೆ ನನ್ನ ಕೈ ಟೈಪು ಮಾಡುವುದನ್ನು ನಿಲ್ಲಿಸುತ್ತಿತ್ತು.

ಒಂದು ದಿನ ಹಾಗೆ ಒಳಗಿದ್ದವರು ಹೊರಗೆ ಬಂದು ಗಂಗಾವತಿಯ ಗಿರಣಿ ಸಾಹುಕಾರರಿಗೆ ಫೋನು ಹಚ್ಚಿದರು.

"ನಿಮ್ಮ ಲಾರಿ ಎಲ್ಲಿ ಐತ್ರಿ?"

"ಕನಕಗಿರಿ ದಾಟೈತಿ ಸರ್."

"ಹೊಳ್ಳಿಸ್ರಿ."

"ಯಾಕ್ರೀ ಸರ್! ಲ್ಯಾಬಿನ್ಯಾಗ ಪಾಸಾಗೈತಲ್ಲ!"

"ಲ್ಯಾಬಿನ ಚೀಲ ಪಾಸಾಗೈತಿ. ನಿಮ್ಮ ಚೀಲ ಮಾತಾಡಾಕ ಹತ್ತೈತಿ."

ಸಾಹುಕಾರರು ಬೈದುಕೊಳ್ಳುತ್ತಲೇ ಲಾರಿ ವಾಪಸು ಕರೆಸಿದರು. ಮೇಲಿನ ಚೀಲಗಳೆಲ್ಲ ಶುದ್ಧ. ತಳದ ಸಾಲಿನ ಚೀಲ ಬಿಚ್ಚಿದಾಗ ಅಕ್ಕಿ ತಾನಾಗಿಯೇ ಹರಿದಾಡುತ್ತಿತ್ತಂತೆ. ಅಂದಿನಿಂದ ಆ ಸಾಹುಕಾರರು ನಮ್ಮ ಕಚೇರಿಗೆ ಬಂದರೆ ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂಡುತ್ತಿರಲಿಲ್ಲ. ಕುರ್ಚಿಯನ್ನು ತಿರುಗಿಸಿಕೊಳ್ಳುತ್ತಿದ್ದರು.

ಅವರ ಇನ್ನೊಂದು ರೂಢಿಯನ್ನು ಹೇಳಲೇಬೇಕು. ಸರಕಾರದಿಂದ ನೋಟಿಸು ಬರುವ ಮೊದಲೇ ಅದರ ಉತ್ತರ ಬರೆದಿಡುತ್ತಿದ್ದರು. ಪ್ರತಿ ಗಿರಾಕಿಯ ಫೈಲಿನ ಕೊನೆಯಲ್ಲಿ ಒಂದು ಮುಚ್ಚಿದ ಲಕೋಟೆ. ಕುಷ್ಟಗಿಯ ಬೇಳೆ ಗಿರಣಿಗೆ ತೂಕ ಕಡಿಮೆ ಎಂದು ನೋಟಿಸು ಬಂದಾಗ ಸರ್ ಲಕೋಟೆ ಹರಿದು, ತಾರೀಖು ಹಾಕಿ, "ಕಳಸು" ಎಂದರು. ನೋಟಿಸಿನಲ್ಲಿ ನಾಲ್ಕು ಪ್ರಶ್ನೆ ಇದ್ದವು. ಪತ್ರದಲ್ಲಿ ನಾಲ್ಕು ಉತ್ತರ, ಅದೇ ಕ್ರಮದಲ್ಲಿ.

"ಹೆಂಗ ಗೊತ್ತಾತ್ರಿ ಸರ್?" ಎಂದೆ.

"ಅವ್ರ ತಕ್ಕಡಿ ನೋಡಿದ್ದೆ. ಸರಿಪಡಿಸ್ರಿ ಅಂತ ಎರಡು ಸಲ ಹೇಳಿದ್ದೆ. ಸರಿಪಡಿಸೋ ಮಂದಿ ಅಲ್ಲ ಅವ್ರು." ಫೈಲು ಕಟ್ಟುತ್ತಾ ಹೇಳಿದರು, "ನೋಟಿಸ್ ಬಂದ ಮ್ಯಾಲ ಬರಿಯೂದು ಉತ್ತರ ಅಲ್ಲವ್ವಾ, ನೆಪ."

ಈ ಚೀಲದ ಹುಚ್ಚು ಎಲ್ಲಿಂದ ಹತ್ತಿತು ಎಂದು ಒಮ್ಮೆ ಕೇಳಿದೆ. ಅವರು ಮೊದಲು ಯಾವುದೋ ಊರಿನ ಹಾಸ್ಟೆಲ್ಲಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರಂತೆ. ಊರಿನ ಹೆಸರು ಹೇಳಲಿಲ್ಲ.

"ಮಾಲು ಬಂದು ಬಿದ್ದಿತ್ತು. ಸಹಿ ಮಾಡಾಕ ನಿಂತಾಗ ಸಪ್ಪಳ ಕೇಳಸ್ತು. ಇಲಿ ಇರಬೇಕು ಅಂದ್ಕೊಂಡೆ. ಸಹಿ ಮಾಡಿದೆ."

"ಆಮ್ಯಾಲೇನಾತ್ರಿ?"

ಅವರು ತೋಳಿನ ಗುಂಡಿಯನ್ನು ಬಿಚ್ಚಿದರು. ಮತ್ತೆ ಹಾಕಿದರು.

ಅವ್ವನ ಸಂಘದ ಕರಾರನ್ನು ಅವರು ನನ್ನ ಸಲುವಾಗಿ ಒಪ್ಪಿಕೊಂಡರು. ಪ್ರತಿ ಲಾಟಿಗೆ ಮುಂಚೆ ಶೆಡ್ಡಿಗೆ ಬರುವರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುವರು, ಏಕೆಂದರೆ ಅವರು ಸೀಲು ಹಾಕಿದ ಕೂಡಲೇ ಚೀಲವನ್ನು ಕಿವಿಗೆ ಹಿಡಿಯುತ್ತಿದ್ದರು. ನಮ್ಮ ಮಾಲು ಸಾಗಿಸುವ ಟೆಂಪೋ ಮಾವನದೇ. ಅವನ ನಾಲಿಗೆಗೆ ತಡೆ ಇಲ್ಲ.

"ಏನಂತೈತ್ರಿ ಸರ್ ಚೀಲ? ನಮ್ಮ ಹುಡುಗಿ ಮದಿವಿ ಮುಹೂರ್ತ ಏನರ ಹೇಳ್ತೈತೇನು?"

"ಇಲ್ಲರಿ" ಎನ್ನುತ್ತಿದ್ದರು ಸರ್, ನಗದೆ. "ಇನ್ನೂ ಮಲಗೈತಿ."

ಅವರದು ಒಂದೇ ಹಟ. ಒಂದು ಲಾಟು ಮುಗಿದರೆ ಕಾಳು ತುಂಬುವ ಪೀಪಾಯಿಗಳನ್ನು ಪೂರ್ತಿ ಬರಿದು ಮಾಡಿ, ಬಿಸಿಲಿಗಿಟ್ಟು, ಆಮೇಲೆ ಹೊಸ ಕಾಳು ಸುರಿಯಬೇಕು. ಕರಾರಿನಲ್ಲೇ ಹಾಗಿತ್ತು. ಅದಕ್ಕೊಂದು ರಿಜಿಸ್ಟರು: "ಪೀಪಾಯಿ ಬರಿದು ಮಾಡಲಾಗಿದೆ." ಎದುರಿಗೆ ಅವ್ವನ ಸಹಿ.

"ಬರಿದು ಮಾಡೀರಿಲ್ಲೋ ಅಕ್ಕಾರ?"

"ಮಾಡೀವ್ರಿ."

ಸರ್ ಬಲಗಿವಿಯನ್ನು ಅವ್ವನ ಕಡೆ ತಿರುಗಿಸಿ ತುಸು ಹೊತ್ತು ನಿಂತರು.

ಎರಡನೇ ಲಾಟು ಹೋದ ಮೇಲೆ, ದೀಪಾವಳಿ ಮುಗಿದ ವಾರ, ಒಂದು ಮಧ್ಯಾಹ್ನ ಹಿಂದಿನ ಕೋಣೆಯಿಂದ "ಹೂಂ" ಕೇಳಿಸಲಿಲ್ಲ. ಹೋಗಿ ನೋಡಿದೆ. ಸರ್ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ತೆರೆದಿತ್ತು. ತಲೆ ಒಂದು ಕಡೆ ವಾಲಿ, ಯಾರೋ ಹೇಳುವುದನ್ನು ಕೇಳುತ್ತಿರುವಂತಿತ್ತು. ಜೀವ ಹೋಗಿತ್ತು. ತೊಡೆಯ ಮೇಲೆ ಒಂದು ಚೀಲ. ಚೀಟಿ ಓದಿದೆ: ನಮ್ಮ ಸಂಘ, ಎರಡನೇ ಲಾಟು.

ಆ ಚೀಲವನ್ನು ನಾನೂ ಕಿವಿಗೆ ಹಿಡಿದೆ. ಸಪ್ಪಳ ಏನೂ ಇರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ಕಚೇರಿಯ ಕೀಲಿಕೈ ನನಗೆ ಕೊಟ್ಟರು. "ಒಪ್ಪಿಕೊಂಡ ಕರಾರು ಮುಗಿಯೋ ತನ ನೀನ ನೋಡವ್ವಾ. ಆ ಕೋಣೆಗೆ ನಾನಂತೂ ಬರಂಗಿಲ್ಲ" ಎಂದರು. ಮೂರನೇ ಲಾಟು ಚಳಿಗಾಲದಲ್ಲಿ ಹೋಯಿತು, ಯಾವ ದೂರೂ ಬರಲಿಲ್ಲ. ಶಿವರಾತ್ರಿ ಕಳೆದು ನಾಲ್ಕನೆಯದೂ ಹೋಯಿತು. ಅದಕ್ಕೆ ಸೀಲು ಹಾಕಿದವಳು ನಾನು. ಮಾದರಿ ಚೀಲವನ್ನು ಹಿಂದಿನ ಸಾಲಿನಲ್ಲಿಟ್ಟು ಬಾಗಿಲು ಹಾಕಿದೆ. ಆ ಕೋಣೆಗೆ ದಿನಾ ಹೋಗುವ ಧೈರ್ಯ ನನಗಿರಲಿಲ್ಲ, ನಿಜ ಹೇಳುತ್ತೇನೆ.

ಮೂರು ವಾರ ಕಳೆದು ಒಂದು ಮಧ್ಯಾಹ್ನ ಟೈಪು ಮಾಡುತ್ತಿದ್ದಾಗ ಕೇಳಿಸಿತು. ಒಣಗಿದ ಎಲೆಯ ಮೇಲೆ ಯಾರೋ ಉಗುರಿನಿಂದ ಗೀಚಿದ ಹಾಗೆ. ಫ್ಯಾನು ನಿಲ್ಲಿಸಿದೆ. ಸಪ್ಪಳ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲು ತೆರೆದೆ. ಮುಂದಿನ ಸಾಲು ಖಾಲಿ ಇತ್ತು, ಒಂದು ಚೀಲದ ಹೊರತು. ನಮ್ಮ ನಾಲ್ಕನೇ ಲಾಟು.

ಅದನ್ನು ನಾನೇ ಅಲ್ಲಿಟ್ಟಿರಬೇಕು. ಕೀಲಿಕೈ ಇನ್ಯಾರ ಬಳಿಯೂ ಇರಲಿಲ್ಲ. ಹಿಂದಿನ ಸಾಲಿನಲ್ಲಿಟ್ಟದ್ದು ಮಾತ್ರ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಕಿವಿಗೆ ಹಿಡಿದೆ. ಚೀಲ ಮಾತಾಡುತ್ತಿತ್ತು.

ಸಂಘದ ಫೈಲು ತೆಗೆದೆ. ಕೊನೆಯಲ್ಲಿ ಲಕೋಟೆ. ಮೇಲೆ ಸರ್ ಕೈಬರಹ: "ನಾಲ್ಕನೇ ಲಾಟು. ನೋಟಿಸು ಬರುವ ಮೊದಲೇ ಕೊಡಬೇಕು."

ಬರೆದವರು ಎರಡನೇ ಲಾಟಿಗೇ ಹೋಗಿಬಿಟ್ಟಿದ್ದರು. ಹರಿದು ಓದಿದೆ.

"ನಮ್ಮ ಸಂಘವು ಪೂರೈಸಿದ ನಾಲ್ಕನೇ ಲಾಟಿನ ಹೆಸರುಕಾಳಿನಲ್ಲಿ ನುಸಿ ಕಂಡಿದೆ. ತಪ್ಪು ನಮ್ಮದು. ಪೀಪಾಯಿಗಳಲ್ಲಿ ಹಿಂದಿನ ಲಾಟಿನ ಒಂದು ಹಿಡಿ ಕಾಳನ್ನು ಉಳಿಸಲಾಗಿತ್ತು. ಬರಿದು ಮಾಡಲಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆದದ್ದು ಸರಿಯಲ್ಲ. ಇಡೀ ಲಾಟನ್ನು ನಾವೇ ವಾಪಸು ತಂದು ಹೊಸದು ಕೊಡುತ್ತೇವೆ." ತಾರೀಖು ಖಾಲಿ. ಕೆಳಗೆ ಸಂಘದ ಪರವಾಗಿ ಸಹಿ ಮಾಡುವವರ ಜಾಗದಲ್ಲಿ ನನ್ನ ಪೂರ್ತಿ ಹೆಸರು, ಮುಂದೆ ಬಿ.ಕಾಂ. ಅವರು ಅದನ್ನು ಬರೆದಾಗ ನಾನು ಮೂರನೇ ಸಲ ಪರೀಕ್ಷೆಗೆ ಕೂತಿರಲೇ ಇಲ್ಲ.

ಬಸ್ಸು ಹಿಡಿದು ಊರಿಗೆ ಹೋದೆ. ಅವ್ವ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು.

"ಅವ್ವಾ, ಪೀಪಾಯಿ ಬರಿದು ಮಾಡಿದ್ರೇನು?"

"ಮಾಡೀವಿ."

"ಪೂರ್ತಿ?"

ಅವ್ವ ಮೊರ ಕೆಳಗಿಟ್ಟಳು. "ಪೂರ್ತಿ ಹೆಂಗ ಮಾಡಾಕ ಬರ್ತೈತಿ ಬೇ? ಕಾಳಿನ ಡಬ್ಬಿ ಬರಿದು ಮಾಡಬಾರದು. ನಮ್ಮತ್ತಿ ಮಾಡಿಲ್ಲ, ಅವ್ರತ್ತಿ ಮಾಡಿಲ್ಲ. ತಳಕ ಒಂದು ಹಿಡಿ ಬಿಟ್ಟು ಮ್ಯಾಲ ಹೊಸಾದು ಸುರದೀವಿ. ಒಂದು ಹಿಡಿ ಏನು ಕಾಳಾ?"

"ಸರ್ ಕೇಳಿದಾಗ ಬರಿದು ಮಾಡೀವ್ರಿ ಅಂದಿಯಲ್ಲ!"

"ಅವ್ರಿಗೆ ಗೊತ್ತಿತ್ತು" ಎಂದಳು ಅವ್ವ, ಸಣ್ಣ ದನಿಯಲ್ಲಿ. "ನಾ ಸುಳ್ಳು ಹೇಳೋ ಮುಂದ ಕಿವಿ ಇಟ್ಟು ನಿಂತಿದ್ರು."

ಪತ್ರ ಓದಿ ಹೇಳಿದೆ. ಅಷ್ಟರಲ್ಲಿ ಟೆಂಪೋ ನಿಲ್ಲಿಸಿ ಒಳಗೆ ಬಂದ ಮಾವನೂ ಕೇಳಿಸಿಕೊಂಡ.

"ತಲಿ ಕೆಟ್ಟೈತೇನು ನಿಂದು? ಯಾರರ ಕೇಳ್ಯಾರೇನು? ನೋಟಿಸ್ ಬಂದೈತೇನು? ಬಂದ್ರ ಅಂಗನವಾಡಿ ಮಾಳಗಿ ಸೋರತೈತಿ, ಅದಕ್ಕ ನುಸಿ ಹತ್ತೈತಿ ಅಂತ ಬರಿ. ಎಲ್ಲಾರೂ ಹಂಗ ಬರೀತಾರ. ಸತ್ತವ್ರು ಬರದಿದ್ದು ಕೊಟ್ಟು ಇದ್ದವ್ರ ಕೆಲಸ ಕಳೀತಿಯೇನು?"

ನನಗೂ ಅದೇ ಹೆದರಿಕೆ. ರಿಜಿಸ್ಟರು ಸುಳ್ಳೆಂದು ನಾವೇ ಬರೆದುಕೊಟ್ಟರೆ ಕಪ್ಪುಪಟ್ಟಿಗೆ ಹಾಕಲು ಅವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಬರೆಯದಿದ್ದರೆ ಆ ಪೊಟ್ಟಣಗಳನ್ನು ಕೂಸುಗಳು ತಿನ್ನುತ್ತವೆ. ತೀರ್ಮಾನ ಮಾಡಿದವಳು ಅವ್ವ. "ಕೊಡು. ಸುಳ್ಳು ಸಹಿ ನಂದು. ಕೇಳಿದ್ರ ನನ್ನ ಕೇಳಲಿ."

ಮರುದಿನವೇ ತಾರೀಖು ಹಾಕಿ, ಸಹಿ ಮಾಡಿ, ಕೊಪ್ಪಳದ ಸರಕಾರಿ ಕಚೇರಿಗೆ ಕೊಟ್ಟೆ. ಬಿ.ಕಾಂ. ಎಂಬುದರ ಮೇಲೆ ಗೀಟು ಎಳೆದೆ, ನಾನಿನ್ನೂ ಪಾಸಾಗಿರಲಿಲ್ಲವಲ್ಲ. ಅಧಿಕಾರಿ ಮೇಡಂ ಎರಡು ಸಲ ಓದಿದರು. ಕಪಾಟಿನಿಂದ ನಮ್ಮ ಫೈಲು ತರಿಸಿ ನೋಡಿದರು.

"ನಾವು ಇನ್ನೂ ನೋಟಿಸೇ ಕೊಟ್ಟಿಲ್ಲವಲ್ಲ?"

"ಇಲ್ಲರಿ ಮೇಡಂ."

"ಮತ್ತೆ ಇದನ್ನ ಯಾರು ಬರೆಸಿದ್ದು?"

"ನಮ್ಮ ಸರ್ ರಿ" ಎಂದೆ. ಅವರಿಲ್ಲ ಎಂಬುದು ಮೇಡಂ ಅವರಿಗೂ ಗೊತ್ತಿತ್ತು. ಪತ್ರವನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಹತ್ತು ದಿನದ ಗಡುವು ಕೊಟ್ಟರು: ಹಳೆಯ ಮಾಲೆಲ್ಲ ವಾಪಸು, ಹೊಸ ಮಾಲು, ಶೆಡ್ಡಿನ ತಪಾಸಣೆ. ಒಂದು ಪೊಟ್ಟಣ ಉಳಿದರೂ ಕರಾರು ರದ್ದು.

ಮಾವ ಗೊಣಗುತ್ತಲೇ ಟೆಂಪೋ ತೆಗೆದ. ಅಂಗನವಾಡಿಯಿಂದ ಅಂಗನವಾಡಿಗೆ ಅಲೆದೆವು. ಪೊಟ್ಟಣಗಳನ್ನು ಎಣಿಸಿ ಚೀಲಕ್ಕೆ ತುಂಬಿದೆವು. ಕೊನೆಯ ದಿನ ಕುಷ್ಟಗಿ ರಸ್ತೆಯಲ್ಲಿ, ಸುಡು ಮಧ್ಯಾಹ್ನ, ಒಂದು ಬೇವಿನ ಮರದ ಕೆಳಗೆ ಊಟಕ್ಕೆಂದು ಗಾಡಿ ನಿಲ್ಲಿಸಿದ. ಎಂಜಿನು ಆರಿತು. ಸುತ್ತ ಒಂದು ಹಕ್ಕಿಯೂ ಇರಲಿಲ್ಲ.

ಆಗ ಕೇಳಿಸಿತು. ಬೆನ್ನ ಹಿಂದೆ ಇಡೀ ಟೆಂಪೋ ಪಿಸುಗುಡುತ್ತಿತ್ತು. ತುಂಬಿದ ಸಭೆಯಲ್ಲಿ ಎಲ್ಲರೂ ದನಿ ತಗ್ಗಿಸಿ ಒಮ್ಮೆಲೇ ಮಾತಾಡಿದ ಹಾಗೆ. ಮಾವ ಬಾಯಿಗೆ ತಂದ ರೊಟ್ಟಿ ಹಾಗೆಯೇ ಹಿಡಿದ. ಇಳಿದು ಹೋಗಿ ಒಂದು ಚೀಲಕ್ಕೆ ಕಿವಿ ಇಟ್ಟ. ಆಮೇಲೆ ಇನ್ನೊಂದಕ್ಕೆ. ಅವನ ಮುಖದಲ್ಲಿದ್ದ ನಗೆಚಾಟಿಕೆ ಎಲ್ಲ ಇಳಿದುಹೋಯಿತು.

"ಇದನ್ನೇನು ಅವ್ರು ದಿನಾ ಕೇಳ್ತಿದ್ದದ್ದು?"

"ಹೂಂ ಮಾವ."

"ಒಬ್ಬರೇ ಕುಂತು?"

ಅವನು ಮತ್ತೆ ಊಟ ಮಾಡಲಿಲ್ಲ. ಊರು ಮುಟ್ಟುವವರೆಗೂ ಗಾಡಿಯನ್ನು ಎಲ್ಲಿಯೂ ನಿಲ್ಲಿಸಲಿಲ್ಲ.

ಲಕೋಟೆಯಲ್ಲಿ ಪತ್ರದ ಹಿಂದೆ ಒಂದು ಚಿಕ್ಕ ಚೀಟಿಯೂ ಇತ್ತು, ಅವ್ವನ ಹೆಸರಿಗೆ. "ಅಕ್ಕಾರ, ಒಂದು ಹಿಡಿ ಬಿಡಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಪೀಪಾಯಿ ಒಳಗ ಬ್ಯಾಡ. ಬಾಗಲ ಹೊರಗ ಒಂದು ಮಡಿಕಿ ಇಡ್ರಿ. ಅದರಾಗ ಬಿಡ್ರಿ." ಅವ್ವ ಅದನ್ನು ನನ್ನಿಂದ ಮೂರು ಸಲ ಓದಿಸಿದಳು. ಮಡಕೆ ಇವತ್ತಿಗೂ ಶೆಡ್ಡಿನ ಹೊರಗಿದೆ. ಪೀಪಾಯಿಗಳು ಬರಿದಾದವು, ಬಿಸಿಲು ಕಂಡವು. ತಪಾಸಣೆಗೆ ಬಂದ ಮೇಡಂ ಒಂದೊಂದರಲ್ಲೂ ಕೈಯಾಡಿಸಿ ನೋಡಿ, "ಮುಂದುವರಿಸಿ" ಎಂದು ಬರೆದರು. ಐದನೇ ಲಾಟು ಹೋಯಿತು, ಆರನೆಯದೂ ಹೋಯಿತು.

ನಾಲ್ಕನೇ ಲಾಟಿಗೇ ಹೀಗಾಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಲೆಕ್ಕ ಹಾಕಿದ್ದೇನೆ. ಚಳಿಯಲ್ಲಿ ಮೊಟ್ಟೆ ಸುಮ್ಮನಿರುತ್ತದೆ, ಬಿಸಿಲು ಏರಿದ ಮೇಲೆ ಹೋಗುವ ಮೊದಲ ಲಾಟು ನಾಲ್ಕನೆಯದು. ಅಷ್ಟು ಸರಿಹೋಗುತ್ತದೆ. ಚೀಲ ಮುಂದಿನ ಸಾಲಿಗೆ ಬಂದದ್ದಕ್ಕೆ, ಆ ಬಿ.ಕಾಂ.ಗೆ, ನನ್ನಲ್ಲಿ ಲೆಕ್ಕವಿಲ್ಲ.

ಸರ್ಟಿಫಿಕೇಟು ಕೊಡುತ್ತೇವೆ ಬನ್ನಿ ಎಂದು ಕಚೇರಿಯಿಂದ ಕರೆ ಬಂದ ದಿನವೇ, ಕೊಪ್ಪಳಕ್ಕೆ ಹೋಗುವ ದಾರಿಯಲ್ಲಿ, ಟೆಂಪೋದಲ್ಲಿ ಕೂತು ಮೊಬೈಲಿನಲ್ಲಿ ನನ್ನ ಫಲಿತಾಂಶ ನೋಡಿದೆ. ಮೂರನೇ ಸಲಕ್ಕೆ ಆಡಿಟಿಂಗ್ ಪಾಸು. ಮಾವನಿಗೆ ಹೇಳಿದೆ. ಅವನು ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದ. ಎರಡೂ ಒಂದೇ ದಿನ ಎಂದು ಚಹಾದಂಗಡಿಯಲ್ಲಿ ಆಡಿದ ತನ್ನ ಮಾತು ಅವನಿಗೂ ನೆನಪಾಗಿರಬೇಕು.

ಮೇಡಂ ಹಾಳೆಯನ್ನು ಅವ್ವನ ಕೈಗೆ ಕೊಟ್ಟರು. "ಪೂರೈಕೆ ತೃಪ್ತಿಕರ." ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟಳು. ನಾನು ಮೂರು ಸಲ ಓದಿದೆ. ಮಾವ ಕೈ ಚಾಚಿದ. ಓದಲು ಬಾರದವನು, ಏನು ಮಾಡುತ್ತಾನೋ ಎಂದುಕೊಂಡೆ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ವಾಲಿಸಿ, ಮೆಲ್ಲಗೆ ಬಲಗಿವಿಗೆ ಇಟ್ಟುಕೊಂಡ. ಕಚೇರಿಯ ಮಂದಿ ನೋಡುತ್ತಿದ್ದರು. ಯಾರೂ ನಗಲಿಲ್ಲ.

"ಸಪ್ಪಳಿಲ್ಲವ್ವಾ" ಎಂದ. "ಸರ್ ಈಗ ಮಲಗ್ಯಾರ."